ಒದ್ದೆ ಹೆಬ್ಬೆಟ್ಟು

"ಏಯ್ ಹುಲಿಯ, ಆ ಗಂಟು ಮುಟ್ಬೇಡ ಬೋಳಿಮಗನೆ! ಅದನ್ನ ಬಿಸಿಲಿಗೆ ಹಾಕು ಅಂತ ಯಾವನೋ ಹೇಳಿದ್ದು ನಿಂಗೆ?"

ಗುಮಾಸ್ತ ಸುಬ್ಬರಾಯರ ಕೂಗಿಗೆ ಹುಲಿಯಪ್ಪನ ಕೈ ಹಾಗೇ ನಿಂತಿತು. ಮಳೆಗಾಲ ಕಳೆದ ಮೇಲೆ ತಾಲ್ಲೂಕು ಕಚೇರಿಯ ಕಡತಗಳನ್ನೆಲ್ಲ ಅಂಗಳಕ್ಕೆ ತಂದು, ಊರೂರಿನವನ್ನು ಬೇರೆ ಬೇರೆ ಹರವಿ ಒಣಗಿಸುವುದು ವರ್ಷವರ್ಷದ ರೂಢಿ. ಹೊರುವುದಕ್ಕೆ ಕೇರಿಯ ಹುಲಿಯಪ್ಪನೇ ಬೇಕು. ಹೊತ್ತದ್ದನ್ನು ಮೇಜಿನ ಮೇಲೆ ಇಡುವ ಹಾಗಿಲ್ಲ, ನೆಲಕ್ಕಿಟ್ಟು ಹಿಂದೆ ಸರಿಯಬೇಕು. ಓದು ಬಾರದಿದ್ದರೂ ಗಂಟಿನ ಬಟ್ಟೆ ನೋಡಿಯೇ ಯಾವ ಊರಿನದೆಂದು ಹೇಳಬಲ್ಲ ಆಸಾಮಿ ಅವನು. ಸೋರುವ ಮೂಲೆಯಲ್ಲಿದ್ದ ಆ ಕೆಂಪು ಗಂಟು ಅವನದೇ ಊರಿನದು. ಗೇಯ್ದವರಿಗೇ ಗದ್ದೆ ಎಂದು ಸರ್ಕಾರ ಹೇಳಿದಾಗ ಗದ್ದೆಯ ಒಡೆಯ ಮುಕುಂದಯ್ಯನವರ ಹದಿನೆಂಟು ಒಕ್ಕಲುಗಳು ಹೆಬ್ಬೆಟ್ಟೊತ್ತಿ ಕೊಟ್ಟ ಅರ್ಜಿಗಳು ಅದರಲ್ಲಿದ್ದವು. ನಾಳೆ ಮಹಡಿಯಲ್ಲಿ ನ್ಯಾಯಮಂಡಳಿ ಕೂರುವುದು ಅದಕ್ಕೇ.

"ನೆಂದೋಗ್ಯದೆ ಅಯ್ಯಾ. ಇವತ್ತು ಒಣಗಿಸ್ದೇ ಇದ್ರೆ..."

"ನಂಗೇ ಹೇಳಿಕೊಡ್ತೀಯೇನೋ? ಹೋಗು, ಕಸ ಹೊಡಿ."

ಹುಲಿಯಪ್ಪ ಪೊರಕೆ ಹಿಡಿದು ಹೊರಬಂದ. ಜೋರು ಮಳೆಯ ದಿನಗಳಲ್ಲಿ ಆ ಗಂಟನ್ನು ಮೂಲೆಗೆ ತಳ್ಳಿದವನು ತಾನೇ. ಸುಬ್ಬರಾಯರು ಬೆರಳು ತೋರಿಸಿದ್ದರು, ಇವನು ತಳ್ಳಿದ್ದ.

ಮರುದಿನ ಒಕ್ಕಲುಗಳೆಲ್ಲ ಮಹಡಿಯ ಬಾಗಿಲ ಹೊರಗೆ ನಿಂತಿದ್ದರು. ಒಳಗೆ ಮುಕುಂದಯ್ಯನವರಿಗೆ ಕುರ್ಚಿ ಹಾಕಿತ್ತು.

"ಆ ಕಡತ ನೀರು ಬಿದ್ದು ಹಾಳಾಗಿದೆ ಸಾರ್, ತರೋ ಹಾಗಿಲ್ಲ," ಎಂದರು ಸುಬ್ಬರಾಯರು.

"ಕಾಗದವೇ ಇಲ್ದ ಮೇಲೆ ಇವ್ರೆಂತ ಒಕ್ಕಲು?" ಮುಕುಂದಯ್ಯ ನಕ್ಕರು. "ನಮ್ಮನೆ ಕೂಲಿ ಮಕ್ಳು."

ಬಾಗಿಲ ಬಳಿ ನಿಂತಿದ್ದ ಹುಲಿಯಪ್ಪ ದಡದಡ ಕೆಳಗಿಳಿದ. ಕೆಂಪು ಗಂಟನ್ನು ತಲೆಯ ಮೇಲೆ ಹೊತ್ತು ಬಂದು, ನೆಲಕ್ಕಿಡದೆ, ನ್ಯಾಯಮಂಡಳಿಯ ಸಾಹೇಬರ ಮೇಜಿನ ಮೇಲೇ ಇಟ್ಟು ಬಿಚ್ಚಿದ. ಬರೆದ ಶಾಯಿಯೆಲ್ಲ ತೊಳೆದುಹೋಗಿತ್ತು. ಹೆಸರಿಲ್ಲ, ಗದ್ದೆಯ ನಂಬರಿಲ್ಲ. ಒಂದೊಂದು ಹಾಳೆಯ ಅಡಿಯಲ್ಲಿ ಒಂದೊಂದು ಕಪ್ಪು ಹೆಬ್ಬೆಟ್ಟು ಮಾತ್ರ ಉಳಿದಿತ್ತು.

"ಬರೀ ಹೆಬ್ಬೆಟ್ಟಿಂದ ಏನಯ್ಯಾ ಗೊತ್ತಾಗತ್ತೆ? ಮುಂದಿನ ಕೇಸು ಕರೀರಿ," ಎಂದರು ಸಾಹೇಬರು.

ಹುಲಿಯಪ್ಪ ಗಂಟನ್ನು ಎತ್ತಿಕೊಂಡು ಅಂಗಳಕ್ಕೆ ಬಂದ. ಮೆಟ್ಟಿಲಿನಿಂದ ಗೇಟಿನವರೆಗೆ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಹರವಿದ. ಅವನಿಗೆ ಬರುತ್ತಿದ್ದ ಕೆಲಸ ಅದೊಂದೇ. ಒಕ್ಕಲುಗಳು ಬಗ್ಗಿ ತಮ್ಮ ತಮ್ಮ ಹೆಬ್ಬೆಟ್ಟು ಹುಡುಕತೊಡಗಿದರು. ಅತ್ತಿಗೆ ದ್ಯಾವಿ ಒಂದು ಹಾಳೆಯ ಮುಂದೆ ಕುಸಿದು ಕೂತಳು. ಕತ್ತಿ ತಾಗಿ ತುದಿ ಹಾರಿಹೋಗಿದ್ದ ಹೆಬ್ಬೆರಳಿನ ಗುರುತು. ಹೋದ ಬೇಸಿಗೆಯಲ್ಲಿ ತೀರಿಕೊಂಡ ಅಣ್ಣ ಬೆಳ್ಳಪ್ಪನದು. ಹುಲಿಯಪ್ಪನಿಗೆ ಅಳು ತಡೆಯಲಾಗಲಿಲ್ಲ.

"ತೆಗೀರೋ ಅದನ್ನ, ದೊಡ್ಡೋರು ಓಡಾಡೋ ದಾರಿ!" ಮೇಲಿನಿಂದ ಸುಬ್ಬರಾಯರು ಕೂಗಿದರು.

ಯಾರೂ ತೆಗೆಯಲಿಲ್ಲ. ಮುಕುಂದಯ್ಯ ಮೆಟ್ಟಿಲಿಳಿದು, ಪಂಚೆ ಎತ್ತಿ ಹಿಡಿದು, ಹಾಳೆಗಳನ್ನು ಮೆಟ್ಟಿಕೊಂಡೇ ನಡೆದರು. ದ್ಯಾವಿಯ ಮುಂದಿದ್ದ ಒದ್ದೆ ಹಾಳೆ ಅವರ ಚಪ್ಪಲಿಗೆ ಅಂಟಿಕೊಂಡು ಹೋಯಿತು.

ದ್ಯಾವಿ ಎದ್ದು ಓಡಿ ಅಡ್ಡ ನಿಂತಳು. ಹುಟ್ಟಿದಾಗಿನಿಂದ ಅವರನ್ನು ಒಡೆಯಾ ಎಂದೇ ಕರೆದ ಬಾಯಿ ಅದು.

"ಕಾಲೆತ್ತೋ. ನನ್ ಗಂಡ ಅದಾನೆ ಅದ್ರಡೀಲಿ."

ಹುಲಿಯಪ್ಪ ಹೋಗಿ ಗೇಟು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.