ಅಪ್ಪನ ಹೆಸರಿನ ಕ್ಷಮೆ

ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಶುಭಾಶಯ ಹೇಳುವುದಿಲ್ಲ, ಕ್ಷಮೆ ಕೇಳುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮನಸ್ಸು ನೋಯಿಸಿದ್ದರೆ ‘ಉತ್ತಮ ಕ್ಷಮಾ’. ಕಂಡವರಿಗೆಲ್ಲ ಹೇಳುವ ಮಾತು ಅದು. ಹೇಳಿದವರೂ ಕೇಳಿದವರೂ ಕೈಮುಗಿದು ತಮ್ಮ ದಾರಿ ಹಿಡಿಯುತ್ತಾರೆ. ಯಾವ ತಪ್ಪು, ಯಾವಾಗ ಮಾಡಿದಿ ಅಂತ ಯಾರೂ ಕೆದಕುವುದಿಲ್ಲ.

ಅಂಕಲಿಯಲ್ಲಿ ಪಂಪು-ಪೈಪಿನ ಅಂಗಡಿ ಇಟ್ಟ ಭೀಮಗೊಂಡ ಆ ದಿನ ತನ್ನ ಫೋನನ್ನು ಮಗಳ ಕೈಗೆ ಕೊಟ್ಟು, “ಎಲ್ಲಾರಿಗೂ ಬಿಟ್ಟಬಿಡವ್ವಾ,” ಅಂದು ಬಸದಿಗೆ ಹೋದ. ಬಿ.ಎ. ಮುಗಿಸಿ ಮನೆಯಲ್ಲಿದ್ದ ಪ್ರಾಜಕ್ತಾ ನಾಲ್ಕು ಮಂದಿ ಕೂತಲ್ಲಿ ಬಾಯಿ ಬಿಡುವವಳಲ್ಲ. ಬರೆಯಲು ಕೂತರೆ ಮಾತ್ರ ಒಂದೊಂದು ಶಬ್ದವನ್ನೂ ತೂಗಿ ನೋಡುವವಳು. ತಾವರೆಯ ಚಿತ್ರವೊಂದನ್ನು ಒಂದೇ ಏಟಿಗೆ ಎಲ್ಲರಿಗೂ ದೂಡುವುದು ಅವಳಿಗೆ ಸರಿಬರಲಿಲ್ಲ. ಕಾಗವಾಡದ ಬೀಗರಿಗೆ ಮರಾಠಿಯಲ್ಲಿ ಬರೆದಳು. ಅಥಣಿಯ ತಾರವ್ವ ಗಂಡನನ್ನು ಕಳೆದುಕೊಂಡು ತಿಂಗಳೂ ಆಗಿರಲಿಲ್ಲ. ಅವಳಿಗೆ ಪರ್ವದ ಸುದ್ದಿ ಎತ್ತದೆ, ‘ಊಟ ಬಿಡಬ್ಯಾಡ್ರಿ’ ಅಂತಷ್ಟೇ ಕಳಿಸಿದಳು.

ಆಮೇಲೆ ಕುಡಚಿಯ ಇಬ್ರಾಹಿಮ ಕಾಕಾನ ಹೆಸರು ಬಂತು. ಸುಟ್ಟ ಮೋಟಾರು ರಿಪೇರಿ ಮಾಡುವ ಇಬ್ರಾಹಿಮ ಅಪ್ಪನ ಹಳೆಯ ಗೆಳೆಯ. ಬೇಸಿಗೆಯಲ್ಲಿ ತನ್ನ ಮಗಳು ಮೆಹೆಕಳ ಮದುವೆ ಆದಾಗಿನಿಂದ ಅಂಗಡಿಯ ಕಡೆ ಹಾಯ್ದಿರಲಿಲ್ಲ. ರಿಪೇರಿಯ ಮೋಟಾರುಗಳು ಬೇರೆಯವರ ಕೈಯಲ್ಲಿ ಹೋಗಿಬರುತ್ತಿದ್ದವು. ಕೆಲಸ ಜಾಸ್ತಿ ಇರಬೇಕು ಅಂದುಕೊಂಡಿದ್ದಳು ಪ್ರಾಜಕ್ತಾ. ನಮ್ಮ ಪರ್ವದ ಹೆಸರು, ಶಾಸ್ತ್ರದ ಮಾತು ಅವರಿಗೆ ಯಾಕೆ ಅಂತ ಅವನ್ನೆಲ್ಲ ತೆಗೆದು ಸಾದಾ ಮಾತಿನಲ್ಲಿ ಬರೆದಳು: ‘ಇಬ್ರಾಹಿಮಭಾಯ್, ನನ್ನಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರ ಒಳಗ ಇಟ್ಕೋಬ್ಯಾಡ್ರಿ. ಕ್ಷಮಾ ಮಾಡ್ರಿ. ನಿಮ್ಮ ಭೀಮಗೊಂಡ.’

ಮರುದಿನ ಇಬ್ರಾಹಿಮನೇ ಅಂಗಡಿಗೆ ಬಂದ.

“ಬರ್ರಿ ಬರ್ರಿ! ದಾರಿ ತಪ್ಪಿ ಬಂದ್ರೇನು?” ಅಂದ ಭೀಮಗೊಂಡ.

“ನಾ ಯಾಕ ತಪ್ಪಲಿ ಭೀಮಣ್ಣಾ? ಮದುವಿ ದಿನ ಕುಡಚಿ ದಾರಿ ತಪ್ಪಿದವ ನೀನು.” ಕುರ್ಚಿ ಎಳೆದುಕೊಂಡು ಕೂತ. “ನಿನ್ನ ಸಲುವಾಗಿ ಬ್ಯಾರೆ ಮನ್ಯಾಗ ಒಲಿ ಹೂಡಿಸಿದ್ದೆ. ಹೊಸಾ ಪಾತೇಲಿ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಅಡಗಿಗೆ ನಿಮ್ಮವರನ್ನ ಕರಿಸಿದ್ದೆ. ಹೊತ್ತ ಮುಳುಗೂದ್ರೊಳಗ ಉಣ್ಣಲಿ ಅಂತ ಹಾದಿ ಕಾಯ್ದೆ. ಬರೂದಿಲ್ಲಂತ ಒಂದ ಫೋನರ ಮಾಡಿದಿ? ಹೋಗ್ಲಿ ಬಿಡು. ನೀನ ಕ್ಷಮಾ ಕೇಳಿದ ಮ್ಯಾಲ ಮುಗೀತು.”

“ನಾನ? ಯಾವಾಗ?”

ಇಬ್ರಾಹಿಮ ಫೋನು ಮುಂದೆ ಹಿಡಿದ. ಮನೆಯಿಂದ ಚಹಾ ತಂದ ಪ್ರಾಜಕ್ತಾ ಬಾಗಿಲಲ್ಲೇ ನಿಂತುಬಿಟ್ಟಳು. ಮಗಳು ಎಲ್ಲರಿಗೂ ಕಳಿಸಿದ್ದು ಅಂತ ಅಪ್ಪ ಅಂದರೆ ಈ ಮನುಷ್ಯ ಎದ್ದುಹೋದಾನು, ಮತ್ತೆ ಬರಲಿಕ್ಕಿಲ್ಲ.

ಭೀಮಗೊಂಡ ಓದಿದ. “ಹಾಂ, ಹೌದ್ಹೌದು,” ಅಂದ. “ಕಳಿಸಿದ್ನೆಪಾ. ಮನಸ್ಸಿಗೆ ಭಾಳ ಹತ್ತಿತ್ತು.”

ಅಪ್ಪ ಇಷ್ಟು ಸಲೀಸಾಗಿ ಆ ಮಾತಿನೊಳಗೆ ಹೊಕ್ಕು ಕೂತಾನೆಂದು ಅವಳು ಎಣಿಸಿರಲಿಲ್ಲ. ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಸುಮ್ಮನಿರುವುದು ಅವಳಿಗೆ ಹೊಸದೂ ಅಲ್ಲ.

“ಕಾಕಾ, ಅದನ್ನ ಬರದಾಕಿ ನಾನು,” ಅಂದಳು. “ಅಪ್ಪಗ ಗೊತ್ತಿರಲಿಲ್ಲ.”

ಇಬ್ರಾಹಿಮ ಅವಳನ್ನು ನೋಡಿದ, ಗೆಳೆಯನನ್ನು ನೋಡಿದ. “ನಿನ್ನ ಕ್ಷಮಾ ತಗೊಂಡ ಏನ ಮಾಡ್ಲಿ ಬೇಟಿ? ನೀ ತಪ್ಪ ಮಾಡಿಲ್ಲ,” ಅಂದು ಎದ್ದ.

“ಕುಂದರ್ರಿ,” ಅಂದ ಭೀಮಗೊಂಡ. ದನಿ ಸಣ್ಣದಾಗಿತ್ತು. “ಅರಿವಿ ಉಟ್ಕೊಂಡ ತಯಾರಾಗಿದ್ದೆ. ನಿಮ್ಮಲ್ಲಿ ಉಂಡ್ರ ನಮ್ಮ ಮಂದಿ ಏನಂತಾರೋ ಅಂತ ಹಿಂದ ಸರದೆ.”

“ಮಂದಿ? ನಿನಗಂತ ಮಾಡಿದ್ದನ್ನ ಮಂದೀನ ಉಂಡ ಹೋದ್ರು. ಹೋಳಗಿ ಭಾಳ ಚಲೋ ಆಗಿತ್ತಂತ!” ಇಬ್ರಾಹಿಮ ಚಪ್ಪಲಿ ಮೆಟ್ಟಿದ. “ನಂದಿರಲಿ. ಕಾಕಾ ಯಾಕ ಬರಲಿಲ್ಲಂತ ಮೆಹೆಕ ಕೇಳಿದ್ಲು, ನನ್ನ ಕಡೆ ಜವಾಬ ಇರಲಿಲ್ಲ. ಶುಕ್ರವಾರ ತವರಿಗೆ ಬರಾಕತ್ತಾಳ. ಆಕಿಗೆ ಹೇಳು.”

ಅವನು ಹೋದ ಮೇಲೆ ಭೀಮಗೊಂಡ ಫೋನನ್ನು ಮಗಳ ಕಡೆ ಸರಿಸಿದ. “ಆ ಹುಡುಗಿಗೆ ಏನ ಹೇಳೂದು, ಚೆಂದಾಗಿ ಬರದ ಕೊಡವ್ವಾ.”

ಪ್ರಾಜಕ್ತಾ ಫೋನು ಮುಟ್ಟಲಿಲ್ಲ. “ನಾ ಬರಿಯೂದಿಲ್ಲಪ್ಪಾ. ನೀನ ಹೋಗಿ ಹೇಳು.”

ಶುಕ್ರವಾರ ಭೀಮಗೊಂಡ ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಕುಡಚಿಯ ಬಸ್ಸು ಹತ್ತಿದ. ಹತ್ತುವ ತನಕವೂ ಏನು ಹೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.