ರಸ್ತೆಗೆ ನಡೆಯದ ನಂಬರ್ ಪ್ಲೇಟು

ಗಂಡ ಸತ್ತು ಮಣ್ಣಾದ ಮೇಲೆ ಅವನು ಕಳಿಸಿದ ಮೋಟಾರ್ ಸೈಕಲ್ಲು ಮನೆಗೆ ಬಂತು. ಹಡಗು ಹತ್ತಿದ ಸರಕಿಗೆ ಯಾರು ಸತ್ತರೇನು, ಯಾರು ಬದುಕಿದರೇನು. ಅದು ತನ್ನ ಪಾಡಿಗೆ ದಡ ಸೇರುತ್ತದೆ. ಲಾರಿಯವರು ದೊಡ್ಡ ಮರದ ಪೆಟ್ಟಿಗೆಯನ್ನು ಗೇಟಿನೊಳಗೆ ಇಳಿಸಿ ಮನೆಯ ಯಜಮಾನರ ಸಹಿ ಕೇಳಿದರು. ಮಾವ ಎದ್ದು ಬರಲಿಲ್ಲ. ಸೊಸೆಯೇ ಸಹಿ ಹಾಕಿದಳು.

ಅವಳ ಗಂಡ ಹೊರದೇಶದಲ್ಲಿ ಹಡಗು ರಿಪೇರಿ ಮಾಡುವ ಕಡೆ ವೆಲ್ಡರ್ ಆಗಿದ್ದ. ಎತ್ತರದ ಅಟ್ಟಣಿಗೆಯಿಂದ ಜಾರಿ ಬಿದ್ದ. ಸೊಂಟದ ಬೆಲ್ಟಿನ ಕೊಕ್ಕೆಯನ್ನು ಕಂಬಿಗೆ ಸಿಕ್ಕಿಸಿರಲಿಲ್ಲವಂತೆ. ನಿಯಮ ಮೀರಿದವರಿಗೆ ಪರಿಹಾರವಿಲ್ಲ ಎಂದು ಕಂಪನಿಯವರು ಕೈ ತೊಳೆದುಕೊಂಡರು. ಹೆಣ ಕಳಿಸಿಕೊಟ್ಟದ್ದೇ ದೊಡ್ಡ ಉಪಕಾರ ಎನ್ನುವ ಹಾಗಿತ್ತು ಅವರ ಮಾತು.

ಮಾವ ಜೀವಮಾನವೆಲ್ಲ ಲೇತ್ ಯಂತ್ರದ ಮುಂದೆ ನಿಂತವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಡಿದ ಕೆಲಸವನ್ನು ಮೂಲೆಗೆ ಎಸೆಯುತ್ತಿದ್ದುದರಿಂದ ಕಾರ್ಖಾನೆಯವರು ಅವರಿಗೆ ಇಂಚುಪಟ್ಟಿ ಎಂದೇ ಹೆಸರಿಟ್ಟಿದ್ದರು. ಅತ್ತೆ ಬದುಕಿದ್ದಾಗ, "ಮದುವೆಗೆ ಮುಂಚೆ ನನ್ನನ್ನೂ ಅಳೆದು ನೋಡಿದ್ರು, ಅರ್ಧ ಇಂಚು ಕಮ್ಮಿ ಬಂದೆ ಅಂತ ಇವತ್ತಿಗೂ ಗೊಣಗ್ತಾರೆ" ಎಂದು ನಗುತ್ತಿದ್ದರು. ಹುಡುಗರಾಗಿದ್ದಾಗ ಮಾವ ಕಾರ್ಖಾನೆಯ ಮಾಲೀಕನ ಬಳಿ ಇಂಥದೇ ಮೋಟಾರ್ ಸೈಕಲ್ ಕಂಡು ಆಸೆಪಟ್ಟಿದ್ದರಂತೆ. ಮಗ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲಿಂದಲೋ ಹುಡುಕಿ ಕಳಿಸಿದ್ದ.

ಬಹಳ ದಿನ ಪೆಟ್ಟಿಗೆ ಹಾಗೇ ಬಿದ್ದಿತ್ತು. ಒಂದು ಬೆಳಿಗ್ಗೆ ಮಾವ ಹಾರೆ ತಂದು ಹಲಗೆ ಕಿತ್ತರು. ಅಂದಿನಿಂದ ಊಟಕ್ಕೆ ಕರೆದರೂ ಶೆಡ್ಡು ಬಿಟ್ಟು ಬರುತ್ತಿರಲಿಲ್ಲ. ತುಕ್ಕು ಉಜ್ಜಿದರು, ಸಿಗದ ಬಿಡಿಭಾಗಗಳನ್ನು ತಾವೇ ಕಡೆದು ಕೂರಿಸಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದುಡಿದು ಸಂಜೆ ಮಗಳು ಪುಟ್ಟಿಯನ್ನು ಎತ್ತಿಕೊಂಡು ಬರುವ ಸೊಸೆಗೆ ಶೆಡ್ಡಿನಿಂದ ಸುತ್ತಿಗೆಯ ಸದ್ದು ಕೇಳಿದರೆ ಜೀವ ಬಂದ ಹಾಗಾಗುತ್ತಿತ್ತು. ಸದ್ಯ, ಮುದುಕರಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತಲ್ಲ ಎಂದುಕೊಂಡಳು.

ಗಾಡಿ ತಪಾಸಣೆಯಲ್ಲಿ ಪಾಸಾಯಿತು, ನಂಬರೂ ಸಿಕ್ಕಿತು. ಪ್ಲೇಟು ಮಾಡಿಸುವುದಷ್ಟೇ ಉಳಿದಿತ್ತು. ರಜೆಯ ದಿನ ಮಾವ ಸೊಸೆ ಇಬ್ಬರೂ ಪ್ಲೇಟಿನ ಅಂಗಡಿಗೆ ಹೋದರು.

ಅಂಗಡಿಯವನು ಮಾತಿನಮಲ್ಲ. "ಬನ್ನಿ ಯಜಮಾನ್ರೇ. ಸ್ವಂತ ಹೆಸರು ಬರೆಯೋಕೆ ಬರದೋರೂ ಇಲ್ಲಿಗೆ ಬಂದು ಬಳ್ಳಿ ಅಕ್ಷರ ಬೇಕು ಅಂತಾರೆ. ನಿಮಗೇನು ಬೇಕು?" ಎಂದು ಎರಡು ಮಾದರಿಗಳನ್ನು ಮೇಜಿನ ಮೇಲಿಟ್ಟ. ಒಂದು ಮಾಮೂಲಿ, ಬೆಳಕು ಬಿದ್ದರೆ ಹೊಳೆಯುವ ಬಿಳಿ ಪ್ಲೇಟು. ಇನ್ನೊಂದು ಕಪ್ಪು ತಗಡಿನ ಮೇಲೆ ಬೆಳ್ಳಿ ಬಣ್ಣದ ಉಬ್ಬು ಅಕ್ಷರದ್ದು. "ಹಳೇ ಗಾಡಿಗೆ ಕಪ್ಪೇ ಲಕ್ಷಣ. ನಲವತ್ತು ವರ್ಷ ದಾಟಿದ್ರೆ ಕಾನೂನಲ್ಲಿ ಅವಕಾಶ ಇದೆ."

ಸೊಸೆ ಕಪ್ಪನ್ನು ಕೈಗೆತ್ತಿಕೊಂಡಳು. ನಿಜಕ್ಕೂ ಚೆನ್ನಾಗಿತ್ತು. ಗಂಡ ಇದ್ದಿದ್ದರೆ ಇದನ್ನೇ ಆರಿಸುತ್ತಿದ್ದ.

ಮಾವ ಅದರತ್ತ ನೋಡಲೂ ಇಲ್ಲ. "ಗಾಡಿ ತಯಾರಾದ ವರ್ಷಕ್ಕೆ ನಮ್ಮತ್ರ ಇರೋದು ಹೊರದೇಶದ ಕಾಗದ. ನಾಳೆ ಯಾರಾದ್ರೂ ಅದನ್ನ ಒಪ್ಪಲ್ಲ ಅಂದ್ರೆ?"

"ಯಾರು ಕೇಳ್ತಾರೆ ಬಿಡಿ," ಎಂದ ಅಂಗಡಿಯವನು.

"ವಿಮೆಯವರು ಕೇಳಬಹುದು."

"ಅವರಿಗೇನು, ದುಡ್ಡು ಕೊಡದೇ ಇರೋಕೆ ನೆಪ ಬೇಕು. ಅಕ್ಷರ ಸೊಟ್ಟಗಿದ್ರೂ ಕೈ ಎತ್ತಿಬಿಡ್ತಾರೆ."

"ಹಾಗಾದ್ರೆ ಬಿಳಿನೇ ಮಾಡಪ್ಪ. ಅಕ್ಷರದ ಎತ್ತರ, ದಪ್ಪ, ನಡುವಿನ ಜಾಗ, ಎಲ್ಲ ಕಾನೂನಲ್ಲಿ ಹೇಗಿದೆಯೋ ಹಾಗೇ ಇರಬೇಕು. ಯಾರೂ ಒಂದು ಮಾತು ಆಡೋ ಹಾಗಿರಬಾರದು."

ಬೆಲ್ಟಿನ ಕೊಕ್ಕೆ ಇವರ ಎದೆಯಲ್ಲಿ ಇನ್ನೂ ಚುಚ್ಚುತ್ತಿದೆ ಎಂದು ಸೊಸೆಗೆ ಅನಿಸಿತು. ಅಂಗಡಿಯವನು ನಗುತ್ತಾ, "ಈ ವಯಸ್ಸಲ್ಲಿ ನೀವೇ ಓಡಿಸ್ತೀರಾ?" ಎಂದ.

"ಒಂದು ಸಲ," ಎಂದರು ಮಾವ.

ಆ ವಾರ ಮಾವ ಇದ್ದಕ್ಕಿದ್ದ ಹಾಗೆ ಮಾತುಗಾರರಾದರು. ನೀರಿನ ಪಂಪು ನಿಂತರೆ ಯಾವ ತಿರುಪು ಸಡಿಲಿಸಬೇಕು ಎಂದು ಸೊಸೆಗೆ ತೋರಿಸಿದರು. ಮನೆಯ ಮಾಡು ಸೋರಿದರೆ ಯಾರನ್ನು ಕರೆಯಬೇಕು, ಯಾರನ್ನು ಕರೆಯಬಾರದು ಎಂದು ಹೇಳಿದರು. ಮಗನಿಗೂ ಮುಟ್ಟಲು ಬಿಡದಿದ್ದ ಅಳತೆಯ ಸಾಮಾನುಗಳನ್ನು ಪಕ್ಕದ ಮನೆಯ ಫಿಟ್ಟರ್‌ಗೆ ಕರೆದು ಕೊಟ್ಟರು. ಒಂದು ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಾಗ ಅವರು ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದರು: "ವಿಮೆ ಸವಾರನಿಗೂ ಅನ್ವಯ ಆಗುತ್ತೆ ತಾನೆ? ಸರಿ. ಹಕ್ಕುದಾರರು ಅಂದ್ರೆ ನಮ್ಮ ಸೊಸೆ. ಹೂಂ, ಅವಳ ಹೆಸರೇ ಇರಲಿ." ಆಮೇಲೆ ಪುಟ್ಟಿಯ ತಲೆ ನೇವರಿಸುತ್ತಾ, "ಇವಳ ಓದಿಗೆ ಏನೂ ಕೊರತೆ ಆಗಲ್ಲಮ್ಮ" ಎಂದರು.

ಮರುದಿನ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆಗೆ ಇಸ್ತ್ರಿ ಒತ್ತುತ್ತಿದ್ದಾಗ ಆ 'ಒಂದು ಸಲ' ನೆನಪಾಯಿತು. ಅಷ್ಟು ದಿನ ದುಡಿದು ಎಬ್ಬಿಸಿದ ಗಾಡಿಯನ್ನು ಒಂದೇ ಸಲ ಓಡಿಸುವವರು ಯಾರು? ಪಂಪು, ಮಾಡು, ಅಳತೆಯ ಸಾಮಾನು, ಫೋನು, ಒಂದಕ್ಕೊಂದು ತಾನಾಗಿ ಬಂದು ಕೂಡಿಕೊಂಡವು. ಸುಟ್ಟ ವಾಸನೆ ಬಂದಾಗಲೇ ಅವಳಿಗೆ ಇಸ್ತ್ರಿಪೆಟ್ಟಿಗೆಯ ನೆನಪಾದದ್ದು. ಬೈಯಲು ಬಂದ ಮೇಲ್ವಿಚಾರಕಿ ಅವಳ ಮುಖ ನೋಡಿ, "ಮನೆಗೆ ಹೋಗು" ಎಂದಳು.

ಅವಳು ಮನೆಗೆ ಹೋಗಲಿಲ್ಲ, ಪ್ಲೇಟಿನ ಅಂಗಡಿಗೆ ಹೋದಳು.

"ಅಣ್ಣ, ಆ ಪ್ಲೇಟನ್ನ ತಪ್ಪು ಮಾಡಿಕೊಡಿ."

"ಏನಮ್ಮ ಇದು? ನನ್ನ ಪರವಾನಗಿ ಹೋಗುತ್ತೆ."

"ಅದು ಸರಿಯಾಗಿದ್ರೆ ನಮ್ಮ ಮಾವ ವಾಪಸ್ ಬರಲ್ಲ," ಎಂದಳು. ಉಳಿದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು.

ಅಂಗಡಿಯವನು ಸಿದ್ಧವಾಗಿದ್ದ ಬಿಳಿ ಪ್ಲೇಟನ್ನು ತೆಗೆದು ಮೇಜಿನ ಕೆಳಗಿಟ್ಟ. ಗಾಡಿಗಳ ಪ್ರದರ್ಶನಕ್ಕೆಂದು ಮಾಡುವ ಪ್ಲೇಟು ಬೇರೆ ಇರುತ್ತದೆ, ಅದನ್ನು ಕೊಡುವುದು ತಪ್ಪಲ್ಲ, ಹಾಕಿಕೊಂಡು ರಸ್ತೆಗಿಳಿದರೆ ಮಾತ್ರ ತಪ್ಪು ಎಂದ. ಬಳುಕು ಅಕ್ಷರದಲ್ಲಿ ಆ ನಂಬರನ್ನೇ ಒತ್ತಿ, ಕಾಗದದಲ್ಲಿ ಸುತ್ತಿ ಕೊಟ್ಟ. "ಇದರಿಂದ ಎಷ್ಟು ದಿನ ತಡೀತೀಯಮ್ಮ? ಅವರನ್ನ ಯಾರಾದ್ರೂ ಡಾಕ್ಟರಿಗೆ ತೋರಿಸು."

ಮಾವ ಶೆಡ್ಡಿನಲ್ಲಿದ್ದರು. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳು ಕೊಟ್ಟ ಪೊಟ್ಟಣ ಬಿಚ್ಚಿದವರು ಯಾರಿಗೂ ಕೊಡದೆ ಜೇಬಿನಲ್ಲಿ ಉಳಿಸಿಕೊಂಡಿದ್ದ ಉಕ್ಕಿನ ಅಳತೆಪಟ್ಟಿ ತೆಗೆದು ಅಕ್ಷರಕ್ಕೆ ಹಿಡಿದರು. ಅಳೆಯುವ ಅಗತ್ಯವೇ ಇರಲಿಲ್ಲ.

"ಇದು ರಸ್ತೆಗೆ ನಡೆಯಲ್ಲ."

"ಗೊತ್ತು ಮಾವ."

"ಗೊತ್ತಿದ್ದೂ ತಂದೆಯಾ?"

"ಇದನ್ನ ಹಾಕ್ಕೊಂಡು ಹೋದ್ರೆ ವಿಮೆಯವರು ಬಿಡಿಗಾಸೂ ಕೊಡಲ್ಲ. ಅದಕ್ಕೇ ತಂದೆ."

ಮಾವ ತಲೆ ಎತ್ತಲಿಲ್ಲ. ಪಟ್ಟಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. "ಅವನಿಗೆ ಕೆಲಸ ಕಲಿಸಿದ್ದು ನಾನು. ಮೊದಲು ಜೀವ, ಆಮೇಲೆ ಕೆಲಸ ಅಂತ ಹೇಳಿಕೊಟ್ಟಿದ್ದೆ. ಅಷ್ಟನ್ನೂ ಮರೆತ. ನಿಮ್ಮಿಬ್ಬರನ್ನ ಬರಿಗೈಲಿ ಬಿಟ್ಟು ಹೋದ. ಅವನು ಮಾಡದೇ ಹೋಗಿದ್ದನ್ನ ನಾನು ಸರಿಯಾಗಿ ಮಾಡಿ ಹೋಗೋಣ ಅಂತ..." ಎಂದರು.

"ಒಬ್ಬರ ಹೆಣ ಇಳಿಸಿಕೊಂಡಿದ್ದು ಸಾಲದಾ ಮಾವ?" ಎಂದಳು ಅವಳು. "ನಿಮ್ಮ ಜೀವ ಕೊಟ್ಟು ತಂದ ಅನ್ನವನ್ನ ನಾನು ಪುಟ್ಟಿಗೆ ಯಾವ ಕೈಯಲ್ಲಿ ತುತ್ತು ಮಾಡಿ ತಿನ್ನಿಸಲಿ? ಅಜ್ಜ ಎಲ್ಲಿ ಅಂದ್ರೆ ಏನು ಹೇಳಲಿ?"

"ನಾನಿದ್ದು ನಿಮಗೇನು ಉಪಯೋಗಮ್ಮ?"

"ಉಪಯೋಗಕ್ಕೆ ಅಂತ ಯಾರಾದ್ರೂ ಮಾವನ್ನ ಇಟ್ಟುಕೊಳ್ತಾರಾ?"

ಅವಳು ಗಾಡಿಯ ಕೀ ತೆಗೆದುಕೊಂಡು, ಶೆಡ್ಡಿನಿಂದ ಅವರು ಹೊರಬರುವವರೆಗೂ ಬಾಗಿಲಲ್ಲೇ ನಿಂತಳು.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳುವಂತಿಲ್ಲ. ಮಾವ ಅವಳೊಡನೆ ಮಾತು ಬಿಟ್ಟರು. ತಟ್ಟೆಯ ಮುಂದೆ ಕೂತು ಎರಡು ತುತ್ತಿಗೇ ಎದ್ದುಬಿಡುತ್ತಿದ್ದರು. ಅವಳು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಫಿಟ್ಟರ್ ಬಂದು ಅವರ ಜೊತೆ ಕೂರುತ್ತಿದ್ದ. ಗಾಡಿಯನ್ನು ಮಾರಿಬಿಡೋಣ ಎಂದು ಅವಳು ಅಂದಾಗ ಅವರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹಳೆಯ ಗಾಡಿ ಕೂಡಿಡುವವನೊಬ್ಬ ಬಂದು ಕೊಂಡೊಯ್ದ. ಅದನ್ನು ಲಾರಿಗೆ ಏರಿಸುವಾಗ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಮನಸ್ಸಿನ ಡಾಕ್ಟರ ಹತ್ತಿರ ಬರಲು ಒಪ್ಪಿದ್ದು ಬಹಳ ಬೇಡಿಕೊಂಡ ಮೇಲೆ, ಅದೂ ಪುಟ್ಟಿ ಕೈ ಹಿಡಿದು ಎಳೆದಾಗ. ಕಾಯುವ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸರದಿ ಬಂದು ನರ್ಸ್ ಕೂಗಿದಾಗ ಮಾವ ಅಲ್ಲಾಡಲಿಲ್ಲ. ನರ್ಸ್ ಇನ್ನೊಮ್ಮೆ ಕೂಗಿದಳು. ಸೊಸೆ ಅವರ ರಟ್ಟೆಗೆ ಕೈ ಹಾಕಿದಳು. ಅಷ್ಟು ಸೊರಗಿದ ಮೈ ಎಷ್ಟು ಭಾರವಿತ್ತೆಂದರೆ, ಇವರು ಏಳುವುದಿಲ್ಲ ಎಂದೇ ಅವಳಿಗೆ ಅನಿಸಿತು.

"ಒಳಗೆ ನೀನೂ ಬರ್ತೀಯೇನಮ್ಮ?" ಎಂದರು ಮಾವ.

"ಬರ್ತೀನಿ."

ಅವರು ಕುರ್ಚಿಯ ತೋಳಿಗೆ ಕೈಯೂರಿ ನಿಧಾನವಾಗಿ ಎದ್ದರು.