ಎರಡು ವಿಭಾಗಗಳ ನಡುವೆ ಒಂದು ತೊಗಲಿನ ಚೀಲ

ನಾನು ಒಂದು ತೊಗಲಿನ ಚೀಲ. ಹುಟ್ಟಿದ್ದು ಅಥಣಿಯಲ್ಲಿ. ನಮ್ಮ ಓಣಿಯಲ್ಲಿ ಎಲ್ಲರೂ ಚಪ್ಪಲಿ ಹೊಲಿಯುವವರು. ನಾನೂ ಚಪ್ಪಲಿಯಾಗಿಯೇ ಹುಟ್ಟಬೇಕಿತ್ತು. ಆದರೆ ಒಬ್ಬ ಪ್ರೊಫೆಸರು ದಿನಾ ಬಂದು ಚಪ್ಪಲಿ ಹೊಲಿಯುವ ಕಸ್ತೂರವ್ವನ ಅಂಗಳದಲ್ಲಿ ಕೂತು, ನಿಮ್ಮ ಅಜ್ಜ ಎಲ್ಲಿಂದ ಬಂದರು, ನಿಮ್ಮ ದೇವರು ಯಾವುದು, ಹೆಣ್ಣು ಎಲ್ಲಿಂದ ತರುತ್ತೀರಿ ಎಂದು ಕೇಳುತ್ತಿದ್ದರು. ಆಕೆ ಬೇಸತ್ತು, "ಪ್ರಶ್ನಿ ಕೇಳಿ ಕೇಳಿ ನನ್ನ ಕೆಲಸಾ ಕೆಡಸ್ತೀರಿ ನೀವು. ಏನರ ಒಂದು ಹೊಲಿಸ್ಕೊಂಡು ಹೋಗ್ರಿ" ಎಂದಳು. ಹಾಗೆ ನಾನು ಹುಟ್ಟಿದೆ. ದಪ್ಪ ತೊಗಲು, ಎರಡು ಅರೆ, ಭುಜಕ್ಕೊಂದು ಪಟ್ಟಿ.

ಆ ಪ್ರೊಫೆಸರರ ಹೆಸರು ವಿರೂಪಾಕ್ಷ ಹಳ್ಳೂರ. ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದರು. ಅವರ ಹೆಗಲ ಮೇಲೆ ನಾನು ಬಹಳ ಊರು ನೋಡಿದೆ. ನನ್ನ ಹೊಟ್ಟೆಯಲ್ಲಿ ಆಗ ಹುರಿದ ಶೇಂಗಾ, ನೀರಿನ ಬಾಟಲಿ, ಒಂದು ಟಾರ್ಚು ಇರುತ್ತಿದ್ದವು. ಅದೇ ನನ್ನ ಸುಖದ ಕಾಲ. ಅದು ಸುಖವೆಂದು ಆಗ ನನಗೆ ತಿಳಿದಿರಲಿಲ್ಲ.

ಹಳ್ಳೂರರು ನಿವೃತ್ತರಾಗುವ ಹೊತ್ತಿಗೆ ಅವರ ಕೊನೆಯ ವಿದ್ಯಾರ್ಥಿನಿಗೆ ಪಿಎಚ್‌ಡಿ ಆಯಿತು. ಆಕೆ ಮೈಮೂನಾ ನದಾಫ್. ಹತ್ತಿಯ ಗಾದಿ ಹೊಲಿಯುವವರ ಮನೆಯ ಹುಡುಗಿ. ಹಳ್ಳೂರರು ನನ್ನನ್ನು ಖಾಲಿ ಮಾಡಿ, ಶೇಂಗಾದ ಸಿಪ್ಪೆ ಕೊಡವಿ ಆಕೆಯ ಕೈಗಿಟ್ಟರು.

"ಇದು ನಿನಗ. ಇನ್ನ ಅರ್ಜಿ ಹಾಕೂ ಕಾಲ ಬರ್ತದವ್ವಾ. ಗಟ್ಟಿ ಚೀಲ ಬೇಕಾಗ್ತದ."

ಮೈಮೂನಾ ನಕ್ಕಳು. ಅವರು ನಗಲಿಲ್ಲ.

ಮೈಮೂನಾ ಅಧ್ಯಯನ ಮಾಡಿದ್ದು ಕೃಷ್ಣೆಯ ದಂಡೆಯ ಒಂದು ಊರನ್ನು. ಅಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ. ಆದರೂ ಮೊಹರಂ ಬಂದರೆ ಕುರುಬರು, ಬೇಡರು ಸೇರಿ ಹಸ್ತದಾಕಾರದ ಪಂಜಾ ಕೂರಿಸುತ್ತಾರೆ, ಹೆಂಗಸರು ಹರಕೆ ಹೊತ್ತು ಕೆಂಡದ ಕುಣಿಗೆ ಉಪ್ಪು ಹಾಕುತ್ತಾರೆ. ಈ ಹೆಂಗಸರ ಬಗ್ಗೆ ಆಕೆ ಬರೆದಳು.

ಮನೆಯಲ್ಲಿ ಇದೇ ಜಗಳ. ಆಕೆಯ ತಾಯಿ ಇಮಾಂಬಿ ಐದು ಹೊತ್ತು ನಮಾಜು ತಪ್ಪಿಸದವಳು. ಗಾದಿಗೆ ದಾರ ಹಾಕುತ್ತಾ ದಿನಾ ಅನ್ನುತ್ತಿದ್ದಳು: "ಪಂಜಾದ ಮುಂದ ಅಡ್ಡ ಬೀಳೂದು ನಮ್ಮ ದೀನ ಅಲ್ಲ, ಧರ್ಮ ಅಲ್ಲ. ತಪ್ಪದು. ತಪ್ಪು ಮಾಡಾವ್ರ ಬಾಜೂಕ ಕುಂತು ಬರೀತಿಯಲ್ಲ, ನಿನಗ ಬ್ಯಾರೆ ಏನೂ ಸಿಗಲಿಲ್ಲೇನು?" ಮೈಮೂನಾ ಆ ಮಾತನ್ನೂ ಬರೆದುಕೊಳ್ಳುತ್ತಿದ್ದಳು. ಅದನ್ನು ನೋಡಿ ಇಮಾಂಬಿಗೆ ಇನ್ನಷ್ಟು ಸಿಟ್ಟು.

ಇಲ್ಲಿಂದ ನನ್ನ ಗೋಳು ಶುರುವಾಯಿತು.

ಮೊದಲು ಮೈಮೂನಾ ಮಾನವಶಾಸ್ತ್ರದ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಳು. ಎಲ್ಲ ಪ್ರತಿಗಳನ್ನೂ ನನ್ನಲ್ಲಿ ತುರುಕಿದಳು. ನನ್ನ ಹೊಲಿಗೆ ಕಿರ್ರೆಂದಿತು. ಅಲ್ಲಿಯ ಮೇಜಿನವನು ಪ್ರಬಂಧದ ಹೆಸರು ಓದಿ, "ಮೊಹರಂ ಅಂದ್ರ ಇಸ್ಲಾಮಿಕ್ ಸ್ಟಡೀಸ್ ಆತಲ್ರಿ. ಆ ಕಡೆ ಹೋಗ್ರಿ" ಎಂದ. ಮುಂದಿನ ವರ್ಷ ಆ ಕಡೆ ಹೋದೆವು. ಅಲ್ಲಿಯವನು ಪದವಿಯ ಹೆಸರು ಓದಿ, "ಇದು ಮಾನವಶಾಸ್ತ್ರ. ನಿಮ್ಮದು ಈ ಕಡೆ ಅಲ್ಲ" ಎಂದ. ಮೈಮೂನಾ ಏನೋ ಹೇಳಹೋದಳು. ಅಷ್ಟರಲ್ಲಿ ಆತ ಊಟಕ್ಕೆ ಎದ್ದ. ಬಸ್ಸಿನಲ್ಲಿ ಆಕೆ ನನ್ನ ಮೇಲೆ ಗದ್ದ ಊರಿ ಕೂತಿದ್ದಳು.

ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಮಾಜಶಾಸ್ತ್ರ ಪಾಠ ಮಾಡುತ್ತಾ ಕಾಲ ಕಳೆದಳು. ಅತಿಥಿ ಎಂಬ ಹೆಸರು ಇಟ್ಟವರು ಯಾರೋ ಕಾಣೆ. ಕೂರಲು ಕುರ್ಚಿ ಕೊಡದ ಮನೆಯಲ್ಲಿ ಯಾವ ಅತಿಥಿ? ಸ್ಟಾಫ್ ರೂಮಿನಲ್ಲಿ ಆಕೆಗೆ ಕಿಟಕಿಯ ಕಟ್ಟೆ, ನನಗೆ ನೆಲ.

ಹೀಗಿರುವಾಗ ಒಂದು ದಿನ ಹಳ್ಳೂರರ ಫೋನು ಬಂತು. ಒಂದು ವಿಶ್ವವಿದ್ಯಾಲಯದವರು "ಮಾನವಶಾಸ್ತ್ರ ಮತ್ತು ಇಸ್ಲಾಮಿಕ್ ಅಧ್ಯಯನ" ಎಂದು ಒಂದೇ ಹುದ್ದೆ ಕರೆದಿದ್ದರು. ಮೈಮೂನಾ ಜಾಹೀರಾತನ್ನು ತಾಯಿಗೆ ಓದಿ ಹೇಳಿದಳು. ಇಮಾಂಬಿ ಸೂಜಿ ನಿಲ್ಲಿಸಿದಳು.

"ನಿನ್ನ ಹೆಸರೊಂದು ಬರದಿಲ್ಲ ನೋಡು, ಉಳದದ್ದೆಲ್ಲಾ ಬರದಾರ."

ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ. ವಿಷಯ ಯಾವುದು ಎಂದು ಅದು ಕೇಳಿತು. ಅಲ್ಲಿದ್ದ ಪಟ್ಟಿಯಲ್ಲಿ ಮಾನವಶಾಸ್ತ್ರ ಇತ್ತು, ಇಸ್ಲಾಮಿಕ್ ಅಧ್ಯಯನ ಇತ್ತು. ಎರಡೂ ಕೂಡಿದ್ದು ಮಾತ್ರ ಇರಲಿಲ್ಲ. ಎರಡನ್ನೂ ಒತ್ತಿದರೆ ಮೊದಲು ಒತ್ತಿದ್ದು ಅಳಿಸಿಹೋಗುತ್ತಿತ್ತು. ಸಹಾಯವಾಣಿಗೆ ಫೋನು ಮಾಡಿದರೆ ಒಬ್ಬ ಆಕಳಿಸುತ್ತಾ, "ಇತರೆ ಅಂತ ಹಾಕ್ರಿ ಮೇಡಂ" ಎಂದ. ಹಾಕಿದಳು. ಕೆಲವು ವಾರಗಳ ಮೇಲೆ ಉತ್ತರ ಬಂತು: ಅಭ್ಯರ್ಥಿಯ ವಿಷಯ "ಇತರೆ" ಆಗಿರುವುದರಿಂದ ಅರ್ಜಿ ತಿರಸ್ಕೃತ.

ನಾನು ತೊಗಲು. ನನಗೆ ಸಿಟ್ಟು ಬರಬಾರದು. ಆದರೂ ಬಂತು.

ಮರುದಿನವೇ ಮೈಮೂನಾ ನನ್ನನ್ನು ಹೆಗಲಿಗೇರಿಸಿ ಆ ವಿಶ್ವವಿದ್ಯಾಲಯದ ಆಡಳಿತ ಕಚೇರಿಗೆ ಹೋದಳು. ಅಲ್ಲಿ ನೇಮಕಾತಿ ನೋಡುವ ಗುಮಾಸ್ತರು ಗುರುಲಿಂಗಯ್ಯ. ಕೆಟ್ಟವರಲ್ಲ. ಆದರೆ ಅವರ ಬಾಯಲ್ಲಿ ಒಂದೇ ಮಾತು: "ಸಿಸ್ಟಮ್ ತಗೊಳ್ಳಂಗಿಲ್ರಿ."

"ಮಾನವಶಾಸ್ತ್ರ ಅಂತ ಹಾಕಿದ್ರ?" ಎಂದು ಮೈಮೂನಾ ಕೇಳಿದಳು.

"ತಿರಸ್ಕೃತ. ಹುದ್ದೆ ಎರಡೂ ಕೂಡಿದ್ದು."

"ಇಸ್ಲಾಮಿಕ್ ಅಂತ ಹಾಕಿದ್ರ?"

"ಅದೂ ತಿರಸ್ಕೃತ."

"ಇತರೆ?"

"ಅದು ನಿಮಗ ಬಂದೇ ಐತಲ್ರಿ."

ಮೈಮೂನಾ ನನ್ನನ್ನು ಅವರ ಮೇಜಿನ ನಟ್ಟ ನಡುವೆ ಇಟ್ಟಳು. ಫೈಲುಗಳ ಮೇಲೆ, ಚಹಾದ ಕಪ್ಪಿನ ಪಕ್ಕದಲ್ಲಿ. "ಹಂಗಾದ್ರ ಈ ಹುದ್ದೆಗೆ ಲೋಕದಾಗ ಯಾರೂ ಅರ್ಜಿ ಹಾಕಾಕ ಬರೂದಿಲ್ಲ ಅಂತ ಬರದು ಸಹಿ ಹಾಕಿ ಕೊಡ್ರಿ. ಅದನ್ನ ಕೊಡೂತನಕಾ ಈ ಚೀಲ ಇಲ್ಲಿಂದ ಏಳಂಗಿಲ್ಲ, ನಾನೂ ಏಳಂಗಿಲ್ಲ."

ಅದನ್ನು ಬರೆದುಕೊಡುವುದು ಯಾವ ಗುಮಾಸ್ತನಿಗೂ ಸಾಧ್ಯವಿಲ್ಲ. ಗುರುಲಿಂಗಯ್ಯ ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಮಧ್ಯಾಹ್ನ ಜಾರುವ ಹೊತ್ತಿಗೆ ಸಾಹೇಬರಿಂದ ಅಪ್ಪಣೆ ಬಂತು: ಆ ಹುದ್ದೆಯ ಎಲ್ಲ ಅರ್ಜಿಗಳನ್ನೂ ಮತ್ತೆ ಪರಿಶೀಲಿಸುವುದು. ಗುರುಲಿಂಗಯ್ಯ ನನ್ನನ್ನು ಎರಡೂ ಕೈಯಿಂದ ಎತ್ತಿ ಆಕೆಗೆ ಕೊಟ್ಟು, "ಭಾಳ ಒಜ್ಜಿ ಐತ್ರಿ" ಎಂದರು.

ಸಂದರ್ಶನದ ದಿನ ಇಮಾಂಬಿ ನನ್ನ ಮೈಗೆ ಕೊಬ್ಬರಿ ಎಣ್ಣೆ ಒರೆಸಿದಳು. ಸಮಿತಿಯ ಮುಂದೆ ಮೈಮೂನಾ ಕೂತಳು, ನನ್ನನ್ನು ಕುರ್ಚಿಯ ಕೆಳಗೆ ಇಟ್ಟಳು. ಮೇಜಿನ ಕೆಳಗಿನಿಂದ ನನಗೆ ಕಂಡದ್ದು ಕಾಲುಗಳು ಮಾತ್ರ. ಹೊಳೆಯುವ ಬೂಟು ಹಾಕಿದವರು ಮೈಸೂರು ಕಡೆಯ ಮಾನವಶಾಸ್ತ್ರಜ್ಞರು. ಸಾದಾ ಚಪ್ಪಲಿಯವರು ಕಲಬುರಗಿ ಕಡೆಯ ವಯಸ್ಸಾದ ವಿದ್ವಾಂಸರು, ಇಸ್ಲಾಮಿಕ್ ಅಧ್ಯಯನದವರು. ನಡುವೆ ಕುಲಪತಿಗಳು. ಅವರ ಒಂದು ಕಾಲು ಸುಮ್ಮನೆ ಅಲ್ಲಾಡುತ್ತಲೇ ಇತ್ತು.

ಬೂಟು ಕೇಳಿತು: "ನೀವೇ ಆ ಸಮುದಾಯದವರು. ನಿಮ್ಮವರ ಬಗ್ಗೆ ನೀವೇ ಬರೆದರೆ ಅದು ಹೇಗಮ್ಮ ವಸ್ತುನಿಷ್ಠ ಆಗತ್ತೆ?"

"ಆ ಊರಾಗ ನಮ್ಮವರು ಯಾರೂ ಇಲ್ಲ ಸರ್. ಅದೇ ಪ್ರಬಂಧದ ವಿಷಯ" ಎಂದಳು ಮೈಮೂನಾ. ಆಮೇಲೆ ಕೇಳಿದಳು: "ತಾವು ಯಾರ ಮ್ಯಾಲೆ ಪಿಎಚ್‌ಡಿ ಮಾಡೀರಿ ಸರ್?"

"ನಾನು ನಮ್ಮ ಕಡೆ ಒಕ್ಕಲಿಗರ ಮದುವೆ..." ಎಂದು ಅವರು ನಿಲ್ಲಿಸಿದರು. ಬೂಟುಗಳು ಕುರ್ಚಿಯ ಕೆಳಗೆ ಸರಿದವು.

ಆಮೇಲೆ ಚಪ್ಪಲಿಯವರು ಮೆಲ್ಲಗೆ ಹೇಳಿದರು: "ನೀವು ಬರದದ್ದು ನಾ ನೋಡೀನಮ್ಮ. ಇದು ಇಸ್ಲಾಂ ಅಲ್ಲ. ಇದನ್ನ ಇಸ್ಲಾಮಿಕ್ ಅಧ್ಯಯನ ಅಂತ ಹ್ಯಾಂಗ ಕಲಿಸ್ತೀರಿ?"

"ಸರ್, ಈ ಮಾತು ನಮ್ಮವ್ವ ನನಗ ದಿನಾ ಹೇಳ್ತಾಳ, ಇದಕ್ಕಿಂತ ಜೋರಾಗಿ. ಆಕಿ ಹೇಳೂದನ್ನೂ ನಾ ಬರದೀನಿ. ನಾಕನೇ ಅಧ್ಯಾಯ ಪೂರ್ತಿ ಆಕೀದು. ಆ ಹೆಂಗಸರ ಮಾತೂ, ನಮ್ಮವ್ವನ ಮಾತೂ ಎರಡೂ ತರಗತಿಯೊಳಗ ಇಡ್ತೀನಿ. ಹುಡುಗರು ಬಡದಾಡ್ಲಿ."

ಚಪ್ಪಲಿಯವರು ಗಟ್ಟಿಯಾಗಿ ನಕ್ಕರು. "ಹಂಗಾದ್ರ ನಾ ಮೂರನೇ ಅಧ್ಯಾಯಕ್ಕ ನಿಲ್ಲಿಸಿದ್ದು ತಪ್ಪಾಯ್ತು."

ಹೊರಗೆ ಬಂದಾಗ ಮೈಮೂನಾಳ ನಡಿಗೆ ಹಗುರವಾಗಿತ್ತು. ಈ ಸಲ ಆಯಿತು ಎಂದು ನಾನೂ ನಂಬಿದೆ.

ಫಲಿತಾಂಶ ಬಂತು: "ಯೋಗ್ಯ ಅಭ್ಯರ್ಥಿ ದೊರೆತಿರುವುದಿಲ್ಲ." ಹಳ್ಳೂರರು ಯಾರಿಂದಲೋ ವಿಚಾರಿಸಿ ಫೋನಿನಲ್ಲಿ ಹೇಳಿದರು. ಬೂಟಿನವರು, ಹುಡುಗಿ ಬುದ್ಧಿವಂತೆ, ಇಸ್ಲಾಮಿಕ್ ಅಧ್ಯಯನಕ್ಕೆ ಸರಿಯಾದವಳು ಎಂದು ಬರೆದರಂತೆ. ಚಪ್ಪಲಿಯವರು, ಬಹಳ ಒಳ್ಳೆಯ ಹುಡುಗಿ, ಮಾನವಶಾಸ್ತ್ರಕ್ಕೆ ತೆಗೆದುಕೊಳ್ಳಿ ಎಂದರಂತೆ. ಇಬ್ಬರೂ ಹೊಗಳಿದರು. ಹೊಗಳಿಯೇ ಕೆಡಿಸಿದರು.

ಮೈಮೂನಾ ನನ್ನನ್ನು ಅಟ್ಟದ ಮೇಲೆ ಎಸೆದಳು. ಎಸೆತಕ್ಕೆ ಪಟ್ಟಿಯ ಒಂದು ಕೊಂಡಿ ಕಿತ್ತುಹೋಯಿತು. ಅಲ್ಲಿ ಹತ್ತಿಯ ಧೂಳಿನಲ್ಲಿ ಬಿದ್ದುಕೊಂಡಿದ್ದೆ. ಕೆಳಗೆ ಒಂದು ದಿನ ಹಳ್ಳೂರರ ದನಿ ಕೇಳಿಸಿತು. ಅದೇ ಹುದ್ದೆ ಮತ್ತೆ ಕರೆದಿದ್ದರು.

"ನಾ ಹಾಕೂದಿಲ್ಲ ಸರ್. ಸಾಕಾಗೇತಿ" ಎಂದಳು ಮೈಮೂನಾ. ಅವರು ಚಹಾ ಕುಡಿದು ಹೋದರು.

ಆಮೇಲೆ ನಿಚ್ಚಣಿಕೆ ಕಿರುಗುಟ್ಟಿತು. ಹತ್ತಿ ಬಂದವಳು ಇಮಾಂಬಿ. ಮಂಡಿನೋವಿನವಳು, ನಿಚ್ಚಣಿಕೆ ಹತ್ತಬಾರದು. ನನ್ನನ್ನು ಎಳೆದುಕೊಂಡು ಇಳಿದಳು. ಗಾದಿ ಹೊಲಿಯುವ ಸೂಜಿ, ದಪ್ಪ ದಾರ ತೆಗೆದುಕೊಂಡು ಕಿತ್ತ ಕೊಂಡಿಯನ್ನು ಹೊಲಿಯಲು ಕೂತಳು.

"ಅದನ್ಯಾಕ ತಗದಿ ಅವ್ವಾ? ನಾ ಬರದದ್ದು ತಪ್ಪಂತ ನೀನ ಹೇಳ್ತಿ."

"ಹೌದು, ಹೇಳ್ತೀನಿ." ಇಮಾಂಬಿ ದಾರವನ್ನು ಹಲ್ಲಿನಿಂದ ಕಡಿದಳು. "ನಾ ಹೇಳಬಹುದು. ನಾ ನಿನ್ನ ಪೂರ್ತಿ ಪುಸ್ತಕಾ ಓದಿಸಿ ಕೇಳೀನಿ. ಅರ್ಧಾ ಓದಿದವ್ರು ಅವರ್ಯಾರು ಬ್ಯಾಡನ್ನಾಕ? ಹಾಕು ಅರ್ಜಿ."

ಮೈಮೂನಾ ಹಾಕಿದಳು. ಈ ಸಲ ಪಟ್ಟಿಯಲ್ಲಿ ಎರಡೂ ಕೂಡಿದ ವಿಷಯ ಸೇರಿಸಿದ್ದರು. ಹೋದ ವರ್ಷದ ಪ್ರಮಾಣಪತ್ರ ಈ ವರ್ಷ ನಡೆಯುವುದಿಲ್ಲ ಎಂದರು, ಹೊಸದು ತಂದಳು. ಫೋಟೋದ ಹಿನ್ನೆಲೆ ಬಿಳಿಯಾಗಿಲ್ಲ ಎಂದರು, ಮತ್ತೆ ತೆಗೆಸಿದಳು. ಆ ತಕರಾರುಗಳನ್ನೆಲ್ಲ ಹೇಳುತ್ತಾ ಕೂತರೆ ನನಗೇ ತಲೆ ಕೆಡುತ್ತದೆ. ಈ ಸಲದ ಸಮಿತಿಯಲ್ಲಿ ಬೇರೆಯವರಿದ್ದರು. ಒಬ್ಬಾಕೆ ಪ್ರಬಂಧದಲ್ಲೆಲ್ಲ ಗುರುತಿನ ಚೀಟಿ ಇಟ್ಟುಕೊಂಡು ಬಂದಿದ್ದರು. ಅವರು ಕೇಳಿದ ಪ್ರಶ್ನೆಗಳು ಕಷ್ಟದವು. ಎರಡಕ್ಕೆ ಮೈಮೂನಾ, "ಗೊತ್ತಿಲ್ಲ ಮೇಡಂ, ಮತ್ತ ಹೋಗಿ ಕೇಳಬೇಕು" ಎಂದಳು. ಅವರು ತಲೆಯಾಡಿಸಿ ಬರೆದುಕೊಂಡರು.

ಕೆಲಸ ಸಿಕ್ಕಿತು.

ಸಿಕ್ಕಿದ್ದು ಕೆಲಸ ಮಾತ್ರ, ಜಾಗ ಅಲ್ಲ. ಮಾನವಶಾಸ್ತ್ರದವರು ಇಸ್ಲಾಮಿಕ್ ಅಧ್ಯಯನದ ಕಟ್ಟಡದಲ್ಲಿ ಕೂರಿ ಎಂದರು, ಆ ಕಟ್ಟಡದವರು ಈ ಕಟ್ಟಡದಲ್ಲಿ ಕೂರಿ ಎಂದರು. ಕೊನೆಗೆ ಎರಡರ ನಡುವಿನ ಹಳೆಯ ಸೈಕಲ್ ಸ್ಟ್ಯಾಂಡಿಗೆ ಗೋಡೆ ಕಟ್ಟಿ ಒಂದು ಕೋಣೆ ಮಾಡಿಕೊಟ್ಟರು. ಅದರ ಕಪಾಟಿನ ಕೆಳಗಿನ ಅರೆಯಲ್ಲಿ ಈಗ ನಾನಿದ್ದೇನೆ. ತೊಗಲು ಸೀಳಿದೆ, ಒಳಗೆ ಸೀಮೆಸುಣ್ಣ ಮತ್ತು ಡಸ್ಟರು. ಹೊತ್ತ ಕಾಗದಗಳ ನೆನಪಾದರೆ ಈಗಲೂ ಬೇಸರ. ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳಲು ಇಷ್ಟೊಂದು ಕಚೇರಿ ಸುತ್ತಬೇಕಿತ್ತೇ?

ಕಳೆದ ವಾರ ಮೈಮೂನಾ ನನ್ನನ್ನು ಹೆಗಲಿಗೇರಿಸಿ, ತಾಯಿಯನ್ನು ತರಗತಿಗೆ ಕರೆತಂದಳು. ಇಮಾಂಬಿ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಮಗಳ ಪ್ರಬಂಧ ಎಲ್ಲೆಲ್ಲಿ ತಪ್ಪು ಎಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದಳು. ಮೈಮೂನಾ ಅಡ್ಡ ಬಾಯಿ ಹಾಕಿದರೆ, "ನಾ ಮಾತಾಡಾಕತ್ತೀನಲ್ಲ" ಎಂದು ಗದರಿದಳು. ತರಗತಿ ಎರಡು ಪಾಲಾಗಿ ಜಗಳಕ್ಕೆ ಬಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಜ್ಜೀ, ಹಂಗಾದ್ರ ನಮ್ಮ ಮೇಡಂ ಬರದದ್ದು ತಪ್ಪೇನ್ರಿ?"

ಇಮಾಂಬಿ ಮಗಳ ಕಡೆ ನೋಡಲಿಲ್ಲ.

"ತಪ್ಪಂದ್ರ ತಪ್ಪ. ಆದ್ರ ಆ ಹೆಂಗಸರನ್ನ ಒಂದು ಮಾತೂ ಬಿಡದಂಗ ಕೇಳಿ ಬರದಾಳ. ನೀವೂ ಹಂಗ ಕೇಳ್ರಿ, ಆಮ್ಯಾಲೆ ತಪ್ಪನ್ರಿ."